ಹದಿಮೂರನೆಯ ತಿಂಗಳ ಸಭೆಯಲ್ಲಿ ರಾಜನಿಗೆ ಜಾಗವಿಲ್ಲ

ಕೇಳುಗರಿಗೆ ನಮಸ್ಕಾರ.

ನಮ್ಮ ಪಂಚಾಂಗದಲ್ಲಿ ಅಧಿಕ ಮಾಸ ಬರುತ್ತದಲ್ಲ, ಅಂಥದ್ದೇ ಏರ್ಪಾಡು ಯಹೂದಿಗಳ ಪಂಚಾಂಗದಲ್ಲೂ ಇದೆ. ಅವರ ತಿಂಗಳು ಚಂದ್ರನ ಲೆಕ್ಕದ್ದು. ಆದರೆ ಪಾಸ್ಕ ಹಬ್ಬ ವಸಂತದಲ್ಲೇ ಬರಬೇಕು. ಚಾಂದ್ರ ವರ್ಷ ಸೌರ ವರ್ಷಕ್ಕಿಂತ ಸುಮಾರು 11 ದಿನ ಗಿಡ್ಡವಾದ್ದರಿಂದ 19 ವರ್ಷಕ್ಕೆ 7 ಸಲ ಒಂದು ತಿಂಗಳನ್ನು ಹೆಚ್ಚಿಗೆ ಸೇರಿಸುತ್ತಾರೆ. ನಮ್ಮಲ್ಲಿ ಸಂಕ್ರಾಂತಿ ಬಾರದ ತಿಂಗಳು ಅಧಿಕವಾಗುತ್ತದೆ. ಅವರಲ್ಲಿ ಯಾವಾಗಲೂ ಅದಾರ್ ತಿಂಗಳೇ ಎರಡಾಗುತ್ತದೆ.

ಈಗ ಇದೆಲ್ಲ ಮೊದಲೇ ಹಾಕಿಟ್ಟ ಲೆಕ್ಕ. ಹಿಂದೆ ನ್ಯಾಯಸಭೆ ಕೂತು ಆಯಾ ವರ್ಷವೇ ತೀರ್ಮಾನಿಸುತ್ತಿತ್ತು. ಹೊಲದಲ್ಲಿ ಧಾನ್ಯ ಬಲಿತಿದೆಯೆ, ಮರದಲ್ಲಿ ಹಣ್ಣು ಮೂಡಿದೆಯೆ, ಸೂರ್ಯನ ಸ್ಥಾನ ಎಲ್ಲಿಗೆ ಬಂದಿದೆ ಎಂದು ನೋಡುತ್ತಿದ್ದರು. ಈ ಮೂರರಲ್ಲಿ ಎರಡು ಹಿಂದೆ ಬಿದ್ದಿದ್ದರೆ ತಿಂಗಳು ಸೇರಿಸಬಹುದು. ಮೂವರು ಮಾತು ತೆಗೆಯಬೇಕು, ಐವರು ಚರ್ಚಿಸಬೇಕು, ಏಳು ಮಂದಿ ಮುಗಿಸಬೇಕು ಎಂಬ ಮತವೂ ಹಳೆಯ ಧರ್ಮನಿಯಮಗಳ ಸಂಗ್ರಹವಾದ ಮಿಶ್ನಾದಲ್ಲಿದೆ.

ಆ ಸಭೆಯಲ್ಲಿ ಇಬ್ಬರನ್ನು ಕೂಡಿಸಬಾರದು ಎನ್ನುತ್ತದೆ ಮಿಶ್ನಾದ ಮೇಲಿನ ಚರ್ಚೆಗಳ ಗ್ರಂಥವಾದ ತಾಲ್ಮುದ್. ಒಬ್ಬ ರಾಜ, ಇನ್ನೊಬ್ಬ ಮಹಾಯಾಜಕ. ರಾಜ ಯಾಕೆ ಬೇಡ? ಸೈನಿಕರ ಸಂಬಳದ ಕಾರಣಕ್ಕೆ. 11ನೆಯ ಶತಮಾನದ ಫ್ರಾನ್ಸಿನ ವ್ಯಾಖ್ಯಾನಕಾರ ರಾಶಿ ಇದನ್ನು ಬಿಡಿಸಿ ಹೇಳುತ್ತಾನೆ: ರಾಜ ಸೈನ್ಯಕ್ಕೆ ವರ್ಷದ ಲೆಕ್ಕದಲ್ಲಿ ಸಂಬಳ ಕೊಡುತ್ತಾನೆ, ವರ್ಷಕ್ಕೆ 13 ತಿಂಗಳಾದರೆ ಒಂದು ತಿಂಗಳ ದುಡಿಮೆ ಅವನಿಗೆ ಪುಕ್ಕಟೆ. ಹಾಗಾಗಿ ಪ್ರತಿ ವರ್ಷವೂ ಅಧಿಕವೇ ಆಗಲಿ ಎಂದು ಅವನ ಮನಸ್ಸು ಎಳೆಯುತ್ತದೆ. ಮಹಾಯಾಜಕ ಯಾಕೆ ಬೇಡ? ಚಳಿಯ ಕಾರಣಕ್ಕೆ. ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪೂರಿನಂದು ಅವನು ಐದು ಸಲ ನೀರಿನಲ್ಲಿ ಮುಳುಗಬೇಕು, ಹತ್ತು ಸಲ ಕೈಕಾಲು ತೊಳೆಯಬೇಕು. ವರ್ಷಕ್ಕೆ ಒಂದು ತಿಂಗಳು ಸೇರಿದರೆ ಆ ದಿನ ಚಳಿಗಾಲದ ಕಡೆಗೆ ಸರಿಯುತ್ತದೆ. ಹಾಗಾಗಿ ಯಾವ ವರ್ಷವೂ ಅಧಿಕವಾಗುವುದು ಬೇಡ ಎಂದು ಅವನಿಗೆ ಅನಿಸುತ್ತದೆ.

ಯಹೂದಿ ಧರ್ಮಶಾಸ್ತ್ರದಲ್ಲಿ, ಅವರ ಮಾತಿನಲ್ಲಿ ಹಲಾಖಾದಲ್ಲಿ, ಅಧಿಕಾರವನ್ನು ಹೇಗೆ ಹಂಚಿದ್ದಾರೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಬಾಗಿಲು ಬೇರೆ ಇಲ್ಲ. ರಾಜ ಕೆಟ್ಟವನೆಂದು ಯಾರೂ ಹೇಳಲಿಲ್ಲ, ಮಹಾಯಾಜಕ ಕಳ್ಳನೆಂದೂ ಹೇಳಲಿಲ್ಲ. ಒಬ್ಬನ ಬೊಕ್ಕಸಕ್ಕೂ ಇನ್ನೊಬ್ಬನ ಮೈಗೂ ಆ ತೀರ್ಪಿನಿಂದ ಲಾಭನಷ್ಟ ಉಂಟು ಎಂದಷ್ಟೇ ಹೇಳಿ, ಆ ಸಭೆಯಲ್ಲಿ ಇಬ್ಬರಿಗೂ ಜಾಗ ಕೊಡಲಿಲ್ಲ.

ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂಬ ಮೂರನ್ನು ನಾವು ಶಾಲೆಯ ಪೌರನೀತಿಯಲ್ಲಿ ಓದಿದ್ದೇವೆ. ಆ ಅಚ್ಚನ್ನು ಇಲ್ಲಿಗೆ ಹಾಗೆಯೇ ಒತ್ತಿದರೆ ಕೂಡುವುದಿಲ್ಲ. ಇಲ್ಲಿ ಮೂಲ ಕಾನೂನು ತೋರಾ, ಎಂದರೆ ಮೋಶೆಯ ಐದು ಗ್ರಂಥಗಳು; ಅದನ್ನು ಯಾವ ಸಭೆಯೂ ರಚಿಸಿದ್ದಲ್ಲ, ಯಾವ ಸಭೆಯೂ ರದ್ದು ಮಾಡುವಂತಿಲ್ಲ. ಅದರ ಕೆಳಗೆ ಬೇರೆಬೇರೆ ಹುದ್ದೆಗಳಿವೆ. ತೋರಾದ ಕೊನೆಯ ಗ್ರಂಥವಾದ ಧರ್ಮೋಪದೇಶಕಾಂಡದ 16ನೆಯ ಅಧ್ಯಾಯದ ಕೊನೆಯಿಂದ 18ನೆಯ ಅಧ್ಯಾಯದವರೆಗೆ ಅವು ಸಾಲಾಗಿ ಬರುತ್ತವೆ: ಮೊದಲು ನ್ಯಾಯಾಧೀಶರು, ಆಮೇಲೆ ರಾಜ, ಆಮೇಲೆ ಯಾಜಕರು ಮತ್ತು ಅವರಿಗೆ ನೆರವಾಗುವ ಲೇವಿಯರು, ಕೊನೆಗೆ ಪ್ರವಾದಿ. ಮಿಶ್ನಾ ಇದನ್ನೇ ಮೂರು ಕಿರೀಟ ಎಂದು ಕರೆಯುತ್ತದೆ: ತೋರಾದ ಕಿರೀಟ, ಯಾಜಕತ್ವದ ಕಿರೀಟ, ಅರಸುತನದ ಕಿರೀಟ. ಯಾಜಕತ್ವ ಆರೋನನ ವಂಶಕ್ಕೆ ಸೇರಿದ್ದು, ಅರಸುತನ ದಾವೀದನ ವಂಶಕ್ಕೆ ಸೇರಿದ್ದು. ತೋರಾದ ಕಿರೀಟ ಮಾತ್ರ ಯಾರು ಬೇಕಾದರೂ ಬಂದು ತೆಗೆದುಕೊಳ್ಳಲಿ ಎಂದು ಇಟ್ಟಲ್ಲೇ ಇದೆ ಎನ್ನುತ್ತಾನೆ ಮೈಮೋನಿಡಿಸ್. ಕಾನೂನು ಹೇಳುವ ಅಧಿಕಾರ ಹುಟ್ಟಿನಿಂದ ಬರುವುದಿಲ್ಲ, ಓದಿನಿಂದ ಬರುತ್ತದೆ ಎಂದು ಇದರ ಅರ್ಥ. ಈ ಮೈಮೋನಿಡಿಸ್ 1138ರಲ್ಲಿ ಸ್ಪೇನಿನ ಕೊರ್ಡೊಬಾದಲ್ಲಿ ಹುಟ್ಟಿ 1204ರಲ್ಲಿ ಈಜಿಪ್ಟಿನಲ್ಲಿ ತೀರಿಕೊಂಡವನು. ಸನ್ಹೆದ್ರಿನ್ ಎಂಬ ನ್ಯಾಯಸಭೆ, ಸಾಕ್ಷಿ, ರಾಜ ಎಲ್ಲವನ್ನೂ ತನ್ನ ಸಂಹಿತೆಯ ಹದಿನಾಲ್ಕನೆಯ ಮತ್ತು ಕೊನೆಯ ಭಾಗದಲ್ಲಿ ಒಟ್ಟಿಗೆ ಕಟ್ಟಿಕೊಟ್ಟಿದ್ದಾನೆ.

ನ್ಯಾಯಸಭೆಗಳಲ್ಲಿ ಮೂರು ಮಟ್ಟ. ಹಣಕಾಸಿನ ವ್ಯಾಜ್ಯಕ್ಕೆ 3 ಜನ. ಮರಣದಂಡನೆಯ ಪ್ರಕರಣಕ್ಕೆ 23 ಜನ. ಯೆರೂಸಲೇಮಿನ ದೇವಾಲಯದ ಕೆತ್ತುಗಲ್ಲಿನ ಕೋಣೆಯಲ್ಲಿ ಕೂರುವ ಮಹಾ ಸನ್ಹೆದ್ರಿನ್‌ಗೆ 71 ಜನ. ಇಡೀ ಒಂದು ಕುಲದ ವಿಚಾರಣೆ, ಸುಳ್ಳು ಪ್ರವಾದಿಯ ವಿಚಾರಣೆ, ಮಹಾಯಾಜಕನ ವಿಚಾರಣೆ ಈ 71 ಜನರ ಮುಂದೆಯೇ ನಡೆಯಬೇಕು. ಯೆರೂಸಲೇಮಿನ ಎಲ್ಲೆಯನ್ನು ವಿಸ್ತರಿಸಬೇಕಾದರೂ ಅವರೇ ಹೇಳಬೇಕು. ಅವರು ಒಕ್ಕಣೆಯ ದುಂಡು ಕಣದ ಅರ್ಧದ ಆಕಾರದಲ್ಲಿ, ಒಬ್ಬರ ಮುಖ ಒಬ್ಬರಿಗೆ ಕಾಣುವ ಹಾಗೆ ಕೂರುತ್ತಿದ್ದರು. ಪ್ರಾಣದ ಪ್ರಕರಣದಲ್ಲಿ ಮಾತು ಆರೋಪಿಯ ಪರವಾಗಿಯೇ ಶುರುವಾಗಬೇಕು. ಬಿಡುಗಡೆಗೆ ಒಂದು ಮತದ ಬಹುಮತ ಸಾಕು, ಶಿಕ್ಷೆಗೆ ಎರಡು ಬೇಕು. ಬಿಡುಗಡೆಯನ್ನು ಅದೇ ದಿನ ಹೇಳಬಹುದು, ಶಿಕ್ಷೆ ಹೇಳಲು ರಾತ್ರಿ ಕಳೆಯಬೇಕು.

ಇನ್ನೊಂದು ನಿಯಮವಿದೆ, ನಮ್ಮ ವಿಷಯಕ್ಕೆ ಅದೇ ಮುಖ್ಯ. ಪ್ರಾಣದ ಪ್ರಕರಣದಲ್ಲಿ ಅಭಿಪ್ರಾಯವನ್ನು ಕಿರಿಯರಿಂದ ಕೇಳುತ್ತಾ ಬರಬೇಕು. ಹಿರಿಯ ಮೊದಲೇ ಬಾಯಿಬಿಟ್ಟರೆ ಕಿರಿಯನ ನಾಲಿಗೆ ಏಳುವುದಿಲ್ಲ. ರಾಜನನ್ನು ಸನ್ಹೆದ್ರಿನ್‌ನಲ್ಲಿ ಕೂಡಿಸಬಾರದು ಎಂಬ ನಿಯಮವೂ ಇದೇ ಬೇರಿನಿಂದ ಹುಟ್ಟಿದ್ದು. ವ್ಯಾಜ್ಯ ಎಂಬರ್ಥದ ‘ರೀವ್’ ಎಂಬ ಪದ ತೋರಾದ ಒಂದು ವಚನದಲ್ಲಿ ಒಂದು ಅಕ್ಷರ ಕಡಿಮೆಯಾಗಿ ಬರೆದಿದೆ, ಅದನ್ನು ‘ರವ್’ ಎಂದೂ ಓದಬಹುದು, ಎಂದರೆ ದೊಡ್ಡವನು. ದೊಡ್ಡವನಿಗೆ ಎದುರಾಡಬೇಡ ಎಂಬ ಅರ್ಥ ಹೊರಟಿತು. ರಾಜ ಕೂತ ಪೀಠದಲ್ಲಿ ಎದುರಾಡುವುದು ಹೇಗೆ? ಎದುರಾಡಲು ಆಗದಿದ್ದರೆ ಅದು ನ್ಯಾಯಸಭೆಯೇ ಅಲ್ಲ.

ರಾಜನ ಕಡೆ ನೋಡೋಣ. ಅವನನ್ನು ನೇಮಿಸಲು 71 ಜನರ ಸಭೆಯೂ ಬೇಕು, ಪ್ರವಾದಿಯೂ ಬೇಕು. ಶತ್ರು ಮೈಮೇಲೆ ಬಿದ್ದಾಗ ಅವನು ಯಾರನ್ನೂ ಕೇಳದೆ ಯುದ್ಧಕ್ಕೆ ಹೊರಡಬಹುದು. ಎಲ್ಲೆ ವಿಸ್ತರಿಸಲು, ಕೀರ್ತಿ ಹೆಚ್ಚಿಸಲು ಮಾಡುವ ಐಚ್ಛಿಕ ಯುದ್ಧಕ್ಕೆ ಮಾತ್ರ 71 ಜನರ ಒಪ್ಪಿಗೆ ಬೇಕೇ ಬೇಕು. ಯುದ್ಧಕ್ಕೆ ದಾರಿ ಬೇಕಾದರೆ ಯಾರ ಬೇಲಿಯನ್ನಾದರೂ ಮುರಿದುಕೊಂಡು ಹೋಗಬಹುದು, ಆಗ ರಾಜಮಾರ್ಗಕ್ಕೆ ಅಳತೆಯಿಲ್ಲ. ಹೀಗೆ ಕೈಗೆ ಬಲ ಕೊಟ್ಟು, ಮೂರು ಕಡೆ ಕಡಿವಾಣ ಹಾಕಿದ್ದಾರೆ. ಕುದುರೆ ರಥಕ್ಕೆ ಬೇಕಾದಷ್ಟೇ. ಬೆಳ್ಳಿಬಂಗಾರ ಸೈನಿಕರ ಸಂಬಳಕ್ಕೆ ಆಗುವಷ್ಟೇ. ಹೆಂಡಂದಿರು 18ಕ್ಕೆ ಮೀರಬಾರದು. 18 ಎಂಬುದು ಇಂದಿನ ಕಿವಿಗೆ ವಿಚಿತ್ರ ಅನಿಸಬಹುದು. ಮದುವೆಯೇ ರಾಜ್ಯರಾಜ್ಯಗಳ ಕರಾರುಪತ್ರವಾಗಿದ್ದ ಕಾಲದಲ್ಲಿ ಅದು ವಿದೇಶಾಂಗ ನೀತಿಗೆ ಹಾಕಿದ ಮಿತಿಯೂ ಹೌದು.

ಇದರ ಜೊತೆಗೆ ರಾಜ ತನಗಾಗಿ ಒಂದು ತೋರಾ ಸುರುಳಿಯನ್ನು ಬರೆಸಿಕೊಳ್ಳಬೇಕು. ಅದನ್ನು ದೇವಾಲಯದ ಅಂಗಳದಲ್ಲಿರುವ ಪ್ರತಿಯ ಜೊತೆ, 71 ಜನರ ಸಭೆಯ ಮಾತಿನಂತೆ ತಾಳೆ ನೋಡಿ ತಿದ್ದಬೇಕು. ತನ್ನನ್ನು ಕಟ್ಟುವ ಕಾನೂನಿನ ಪ್ರತಿಯನ್ನು ಅವನು ತನಗೆ ಬೇಕಾದ ಹಾಗೆ ಇಟ್ಟುಕೊಳ್ಳುವಂತಿಲ್ಲ. ಯುದ್ಧಕ್ಕೆ ಹೋದರೆ ಆ ಸುರುಳಿ ಜೊತೆಗಿರಬೇಕು, ಊಟಕ್ಕೆ ಕೂತರೆ ಎದುರಿಗಿರಬೇಕು.

ಇಷ್ಟಾದರೂ ತಪ್ಪು ನಡೆಯಿತು. ಸೊಲೊಮೋನನಿಗೆ 700 ರಾಣಿಯರು, 300 ಉಪಪತ್ನಿಯರು, 1,400 ರಥಗಳಿದ್ದವು ಎನ್ನುತ್ತದೆ ಅರಸುಗಳ ಪುಸ್ತಕ. ಅವನು ಜಾರಿದ್ದು ಹೇಗೆ ಎಂಬುದಕ್ಕೆ ತಾಲ್ಮುದ್ ಕೊಡುವ ವಿವರಣೆ ಬಹಳ ಸೂಕ್ಷ್ಮವಾದದ್ದು. ತೋರಾ ಸಾಮಾನ್ಯವಾಗಿ ತನ್ನ ವಿಧಿಗಳಿಗೆ ಕಾರಣ ಹೇಳುವುದಿಲ್ಲ. ಇಲ್ಲಿ ಮಾತ್ರ ಹೇಳಿತು: ಹೆಂಡಂದಿರು ಹೆಚ್ಚಾದರೆ ಮನಸ್ಸು ದಾರಿ ತಪ್ಪುತ್ತದೆ, ಕುದುರೆ ಹೆಚ್ಚಾದರೆ ಜನರನ್ನು ಈಜಿಪ್ಟಿಗೆ ಮರಳಿಸಬೇಕಾಗುತ್ತದೆ. ಸೊಲೊಮೋನ ಆ ಕಾರಣವನ್ನೇ ಹಿಡಿದುಕೊಂಡ. ನಾನು ಹೆಚ್ಚಿಸಿಕೊಳ್ಳುತ್ತೇನೆ, ಆದರೆ ದಾರಿ ತಪ್ಪುವುದಿಲ್ಲ ಎಂದುಕೊಂಡ. ತಪ್ಪಿದ. ಅವನ ಮಗನ ಕಾಲಕ್ಕೆ ತೆರಿಗೆ, ಬಿಟ್ಟಿ ದುಡಿಮೆಯ ಭಾರ ತಾಳದೆ ಹತ್ತು ಕುಲಗಳು ಬೇರೆಯಾದವು.

ಎರಡು ಕಿರೀಟಗಳನ್ನು ಒಂದೇ ತಲೆಗೆ ಇಟ್ಟಾಗ ಏನಾಗುತ್ತದೆ ಎಂಬುದಕ್ಕೆ ಎರಡು ಪ್ರಸಂಗಗಳಿವೆ. ಮೊದಲನೆಯದು ಯೂದಾಯದ ಅರಸ ಉಜ್ಜೀಯನದು. ಒಳ್ಳೆಯ ಆಡಳಿತಗಾರ, ಕೋಟೆ ಕಟ್ಟಿದವ, ಬಾವಿ ತೋಡಿಸಿದವ. ಬಲ ಹೆಚ್ಚಿದ ಮೇಲೆ ಧೂಪ ಹಾಕಲು ತಾನೇ ದೇವಾಲಯದ ಒಳಗೆ ಹೋದ. ಅಜರ್ಯ ಎಂಬ ಯಾಜಕ ಇನ್ನೂ 80 ಯಾಜಕರನ್ನು ಕರೆದುಕೊಂಡು ಹಿಂದೆಯೇ ಬಂದು, ಇದು ನಿನ್ನ ಕೆಲಸವಲ್ಲ, ಆರೋನನ ವಂಶದವರದು, ಹೊರಗೆ ನಡೆ ಎಂದ. ರಾಜ ಧೂಪದ ಪಾತ್ರೆ ಹಿಡಿದೇ ಸಿಟ್ಟಾದ. ಅವನ ಹಣೆಯ ಮೇಲೆ ಕುಷ್ಠ ಕಾಣಿಸಿಕೊಂಡಿತು. ಸಾಯುವ ತನಕ ಪ್ರತ್ಯೇಕ ಮನೆಯಲ್ಲಿ ಉಳಿದ, ಆಡಳಿತ ಮಗನ ಕೈಗೆ ಹೋಯಿತು.

ಎರಡನೆಯದು ಹಸ್ಮೋನಿಯರದು. ಗ್ರೀಕ್ ದೊರೆಗಳ ವಿರುದ್ಧ ಬಂಡೆದ್ದು ದೇವಾಲಯವನ್ನು ಉಳಿಸಿದ ಯಾಜಕ ಮನೆತನ ಇದು. ಹನುಕ್ಕಾ ಹಬ್ಬ ಅವರ ನೆನಪಿನದು. ಅವರು ಮಹಾಯಾಜಕರಾಗಿದ್ದುಕೊಂಡೇ ರಾಜರೂ ಆದರು. ಅರಸುತನದ ಕಿರೀಟ ನಿಮಗೆ ಸಾಕು, ಯಾಜಕತ್ವದ ಕಿರೀಟವನ್ನು ಆರೋನನ ಸಂತತಿಗೆ ಬಿಟ್ಟುಕೊಡಿ ಎಂದು ಒಬ್ಬ ಹಿರಿಯ ಔತಣದ ನಡುವೆ ಯನ್ನಾಯ್ ಅರಸನಿಗೆ ಹೇಳಿದ. ಫಲವಾಗಿ ವಿದ್ವಾಂಸರ ಮೇಲೆ ಕತ್ತಿ ಬಿತ್ತು. ಪರ್ಣಶಾಲೆಗಳ ಹಬ್ಬದಲ್ಲಿ ಈ ಯನ್ನಾಯ್ ಬಲಿಪೀಠದ ಬಳಿ ನಿಂತಿದ್ದಾಗ ಜನ ಕೈಯಲ್ಲಿದ್ದ ಮಾದಲಹಣ್ಣುಗಳನ್ನೇ ಅವನ ಮೇಲೆ ಎಸೆದರು. ಅವನ ಸೈನಿಕರು ಸುಮಾರು 6,000 ಜನರನ್ನು ಕೊಂದರು ಎಂದು ಇತಿಹಾಸಕಾರ ಜೋಸಿಫಸ್ ಬರೆಯುತ್ತಾನೆ. ಬಲಿಪೀಠದ ಮುಂದೆ ನಿಂತ ಯಾಜಕನಿಗೂ ಸೈನ್ಯಕ್ಕೆ ಅಪ್ಪಣೆ ಕೊಡುವ ರಾಜನಿಗೂ ನಡುವೆ ಅಂತರವೇ ಇಲ್ಲದಿದ್ದಾಗ ಹಣ್ಣಿಗೆ ಉತ್ತರವಾಗಿ ಕತ್ತಿ ಬರುತ್ತದೆ. 13ನೆಯ ಶತಮಾನದ ವ್ಯಾಖ್ಯಾನಕಾರ ನಖ್ಮಾನಿಡಿಸ್ ಇನ್ನೂ ಖಾರವಾಗಿ ಹೇಳಿದ: ಅವರು ಭಕ್ತರು, ಅವರಿಲ್ಲದಿದ್ದರೆ ತೋರಾ ಮರೆತೇ ಹೋಗುತ್ತಿತ್ತು, ಆದರೂ ಯೆಹೂದ ಕುಲದವರಲ್ಲದ ಯಾಜಕರು ಸಿಂಹಾಸನ ಹಿಡಿದಿದ್ದಕ್ಕೇ ಅವರ ವಂಶ ಅಳಿಯಿತು.

ಇದೇ ಯನ್ನಾಯ್ ಮುಂದೆ ನ್ಯಾಯಸಭೆಯೂ ಒಂದು ಸಲ ಪರೀಕ್ಷೆಗೆ ಬಿತ್ತು. ಕ್ರಿ.ಪೂ. 103ರಿಂದ 76ರವರೆಗೆ ಆಳಿದ ಈ ರಾಜನ ಆಳೊಬ್ಬ ಕೊಲೆ ಮಾಡಿದ. ಸನ್ಹೆದ್ರಿನ್‌ನ ಮುಂದಾಳು ಶಿಮೋನ್ ಬೆನ್ ಶೆತಾಖ್, ಸಂಗಡಿಗರಿಗೆ ಧೈರ್ಯ ತುಂಬಿ, ರಾಜನಿಗೆ ಕರೆ ಕಳಿಸಿದ. ರಾಜ ಆಳನ್ನು ಮಾತ್ರ ಕಳಿಸಿದ. ಎತ್ತು ಹಾಯ್ದರೆ ಎತ್ತಿನ ಜೊತೆ ಒಡೆಯನೂ ಬಂದು ನಿಲ್ಲಬೇಕು, ನೀನೂ ಬಾ ಎಂದು ಮರುಕರೆ ಹೋಯಿತು. ರಾಜ ಬಂದ, ಬಂದು ಕೂತುಕೊಂಡ. ಶಿಮೋನ್ ಹೇಳಿದ: ಯನ್ನಾಯ್ ಅರಸ, ಎದ್ದು ನಿಲ್ಲು. ನೀನು ನಿಲ್ಲುವುದು ನಮ್ಮ ಮುಂದಲ್ಲ, ಮಾತಿನಿಂದ ಜಗತ್ತನ್ನು ಉಂಟುಮಾಡಿದವನ ಮುಂದೆ. ರಾಜ ಉತ್ತರಿಸಿದ: ನೀನು ಹೇಳಿದ ಹಾಗಲ್ಲ, ನಿನ್ನ ಸಂಗಡಿಗರು ಹೇಳಿದ ಹಾಗೆ. ಶಿಮೋನ್ ಬಲಕ್ಕೆ ತಿರುಗಿದ. ಎಲ್ಲರೂ ನೆಲ ನೋಡುತ್ತಿದ್ದರು. ಎಡಕ್ಕೆ ತಿರುಗಿದ. ಅಲ್ಲೂ ನೆಲ ನೋಡುತ್ತಿದ್ದರು. ದೇವದೂತ ಗಬ್ರಿಯೇಲ್ ಬಂದು ಅವರನ್ನೆಲ್ಲ ನೆಲಕ್ಕೆ ಕುಕ್ಕಿ ಕೊಂದ ಎಂದು ತಾಲ್ಮುದ್ ಕಥೆಯನ್ನು ಮುಗಿಸುತ್ತದೆ. ಅರ್ಧ ಕಣದಂತೆ, ಮುಖಕ್ಕೆ ಮುಖ ಕಾಣುವ ಹಾಗೆ ಕೂರಿಸಿದ ಸಭೆಯಲ್ಲಿ ಆ ದಿನ ಒಬ್ಬನ ಮುಖವೂ ಕಾಣಲಿಲ್ಲ.

ರಾಜ ನ್ಯಾಯ ಹೇಳುವುದೂ ಇಲ್ಲ, ರಾಜನ ಮೇಲೆ ನ್ಯಾಯ ನಡೆಯುವುದೂ ಇಲ್ಲ ಎಂಬ ಮಿಶ್ನಾದ ನಿಯಮ ಈ ಘಟನೆಯಿಂದ ಹುಟ್ಟಿತು ಎನ್ನುತ್ತಾರೆ. ಹೊರಗಿನಿಂದ ಓದುವವರು ಇದನ್ನು ರಾಜನಿಗೆ ಕೊಟ್ಟ ವಿನಾಯಿತಿ ಎಂದು ತಿಳಿಯುತ್ತಾರೆ. ಅದು ತಪ್ಪು ಓದು. ದಾವೀದನ ವಂಶದ ರಾಜನಾದರೆ ಅವನು ನ್ಯಾಯ ಹೇಳುತ್ತಾನೆ, ಅವನ ಮೇಲೂ ನ್ಯಾಯ ನಡೆಯುತ್ತದೆ ಎಂದು ತಾಲ್ಮುದ್ ಪಕ್ಕದಲ್ಲೇ ಸೇರಿಸಿದೆ. ಮೊದಲು ನಿನ್ನನ್ನು ನೇರ ಮಾಡಿಕೋ, ಆಮೇಲೆ ಬೇರೆಯವರನ್ನು ಎಂದು ರೇಷ್ ಲಾಕಿಶ್ ಎಂಬ ವಿದ್ವಾಂಸ ಒಂದು ವಚನವನ್ನು ಬಿಡಿಸಿದ. ಆ ಮಾತಿನಂತೆ, ಯಾರ ಮೇಲೆ ತೀರ್ಪು ಕೊಡಲಾಗದೋ ಅವನು ಬೇರೆಯವರ ಮೇಲೆ ತೀರ್ಪು ಕೊಡಲಾರ. ಉಳಿದ ರಾಜರು ಸೊಕ್ಕಿನವರು, ಅವರನ್ನು ಕರೆದರೆ ಅನಾಹುತವಾಗುತ್ತದೆ, ಧರ್ಮಕ್ಕೇ ಹಾನಿಯಾಗುತ್ತದೆ ಎಂದು ಮೈಮೋನಿಡಿಸ್ ಕಾರಣ ಕೊಡುತ್ತಾನೆ. ಎಂದರೆ ಇದು ಒಂದು ಸೋಲು. ಸೋತೆವು ಎಂದು ಒಪ್ಪಿಕೊಂಡು ಕಾನೂನಿನಲ್ಲೇ ಬರೆದಿಟ್ಟರು, ಅದರ ಬೆಲೆಯಾಗಿ ಅಂಥ ರಾಜನಿಂದ ನ್ಯಾಯ ಹೇಳುವ ಹಕ್ಕನ್ನೂ ಕಿತ್ತುಕೊಂಡರು.

ಪ್ರವಾದಿಯ ಬಗ್ಗೆ ಒಂದೆರಡು ಮಾತು ಸಾಕು. ಅವನು ರಾಜನ ಮುಖಕ್ಕೆ ನಿನ್ನದು ತಪ್ಪು ಎಂದು ಹೇಳಬಲ್ಲ; ನಾತಾನ ದಾವೀದನಿಗೆ ಹೇಳಿದ, ಎಲೀಯ ಅಹಾಬನಿಗೆ ಹೇಳಿದ. ತುರ್ತಿನಲ್ಲಿ ಒಂದು ವಿಧಿಯನ್ನು ತಾತ್ಕಾಲಿಕವಾಗಿ ಬದಿಗಿಡಬಲ್ಲ. ಕಾನೂನನ್ನು ಮಾತ್ರ ಹೊಸದಾಗಿ ಹುಟ್ಟಿಸಲಾರ. ಎಲೀಯ, ಎಲೀಷರ ಮಟ್ಟದ ಸಾವಿರ ಪ್ರವಾದಿಗಳು ಒಂದು ಅರ್ಥ ಹೇಳಿ, ಸಾವಿರದ ಒಂದು ವಿದ್ವಾಂಸರು ಇನ್ನೊಂದು ಅರ್ಥ ಹೇಳಿದರೆ ವಿದ್ವಾಂಸರ ಮಾತೇ ನಡೆಯಬೇಕು ಎಂದು ಮೈಮೋನಿಡಿಸ್ ಲೆಕ್ಕ ಹಾಕಿಯೇ ಹೇಳಿದ್ದಾನೆ.

ಈ ಏರ್ಪಾಡಿನಲ್ಲಿ ಒಂದು ದೊಡ್ಡ ಬಿರುಕಿದೆ. ನ್ಯಾಯಸಭೆ ಮರಣದಂಡನೆ ಕೊಡಬೇಕಾದರೆ ಇಬ್ಬರು ಪ್ರತ್ಯಕ್ಷ ಸಾಕ್ಷಿಗಳು ಬೇಕು. ಕೃತ್ಯಕ್ಕೆ ಮೊದಲು ಆರೋಪಿಗೆ ಎಚ್ಚರಿಕೆ ಕೊಟ್ಟಿರಬೇಕು. ಅವನು ಗೊತ್ತು, ಗೊತ್ತಿದ್ದೇ ಮಾಡುತ್ತೇನೆ ಎಂದು ಹೇಳಿ, ಒಡನೆಯೇ ಮಾಡಿರಬೇಕು. ಯಾವ ಕೊಲೆಗಾರ ಹೀಗೆ ಹೇಳುತ್ತಾನೆ? ಏಳು ವರ್ಷಕ್ಕೆ ಒಬ್ಬನನ್ನು ಕೊಂದ ಸನ್ಹೆದ್ರಿನ್ ಹಾಳುಗೆಡಹುವ ಸಭೆ ಎನ್ನುತ್ತದೆ ಮಿಶ್ನಾ. ಒಬ್ಬರು ಅದನ್ನು ಎಪ್ಪತ್ತು ವರ್ಷ ಎಂದರು. ನಾವು ಇದ್ದಿದ್ದರೆ ಯಾರನ್ನೂ ಕೊಲ್ಲುತ್ತಲೇ ಇರಲಿಲ್ಲ ಎಂದರು ತರ್ಫೋನ್ ಮತ್ತು ಅಕಿವಾ ಎಂಬ ವಿದ್ವಾಂಸರು. ಹಾಗಾದರೆ ನೀವು ಕೊಲೆಗಡುಕರನ್ನು ಹೆಚ್ಚಿಸುತ್ತಿದ್ದಿರಿ ಎಂದು ಶಿಮೋನ್ ಬೆನ್ ಗಮ್ಲಿಯೇಲ್ ತಿರುಗಿ ನುಡಿದ.

ಈ ಬಿರುಕಿಗೆ ಉತ್ತರ ಕೊಟ್ಟವನು 14ನೆಯ ಶತಮಾನದ ಬಾರ್ಸಿಲೋನಾದ ಧರ್ಮಗುರು ರಬ್ಬಿ ನಿಸ್ಸಿಮ್. ನ್ಯಾಯಾಧೀಶರ ಕೆಲಸ ಸ್ವತಃ ನ್ಯಾಯವಾದದ್ದನ್ನು ಹೇಳುವುದು, ರಾಜನ ಕೆಲಸ ನಾಡಿನ ಶಿಸ್ತು ಕಾಯುವುದು ಎಂದು ಅವನು ಎರಡನ್ನೂ ಬೇರ್ಪಡಿಸಿದ. ಸಾಕ್ಷಿ ಒಬ್ಬನೇ ಇದ್ದರೂ, ಎಚ್ಚರಿಕೆ ಕೊಡದಿದ್ದರೂ ಕೊಲೆಗಾರನನ್ನು ಶಿಕ್ಷಿಸುವ ಅಧಿಕಾರ ರಾಜನಿಗುಂಟು. ನ್ಯಾಯಸಭೆ ತನ್ನ ಕಟ್ಟುನಿಟ್ಟನ್ನು ಸಡಿಲಿಸದೆ ಉಳಿಯುವುದು ಈ ಎರಡನೆಯ ಕೈ ಇರುವುದರಿಂದಲೇ. ವಾದ ಅಂದವಾಗಿದೆ, ಆದರೆ ಅಪಾಯವೂ ಅಲ್ಲೇ ಇದೆ. ನಾಡಿನ ಶಿಸ್ತು ಎಂಬ ಮಾತಿಗೆ ಎಲ್ಲೆ ಎಲ್ಲಿ? ನಾಬೋತ ಎಂಬವನ ದ್ರಾಕ್ಷಿತೋಟ ಬೇಕಾದಾಗ ಅಹಾಬನ ಅರಮನೆ ಸಿಪಾಯಿಗಳನ್ನು ಕಳಿಸಲಿಲ್ಲ. ಇಬ್ಬರು ಸುಳ್ಳುಸಾಕ್ಷಿಗಳನ್ನು ಹುಡುಕಿ, ಊರ ಹಿರಿಯರಿಂದಲೇ ವಿಚಾರಣೆ ಮಾಡಿಸಿತು. ರಾಜ ನ್ಯಾಯಸಭೆಯನ್ನು ಮೀರುವುದಕ್ಕಿಂತ ಅದನ್ನು ಉಪಕರಣ ಮಾಡಿಕೊಳ್ಳುವುದೇ ಹೆಚ್ಚು ಕೆಟ್ಟದ್ದು ಎನ್ನಲು ಈ ಒಂದು ಪ್ರಸಂಗ ಸಾಕು.

ರಾಜನೇ ಇಲ್ಲದ ಕಾಲದಲ್ಲಿ? ಆಗ ಎರಡೂ ಅಧಿಕಾರ ನ್ಯಾಯಾಧೀಶರಿಗೆ ಎನ್ನುತ್ತಾನೆ ನಿಸ್ಸಿಮ್. ಹಾಗಲ್ಲ, ರಾಜನ ಹಕ್ಕುಗಳು ಜನತೆಗೆ ಮರಳುತ್ತವೆ ಎಂದವರು 20ನೆಯ ಶತಮಾನದ ರಬ್ಬಿ ಅಬ್ರಹಾಂ ಐಸಾಕ್ ಕೂಕ್. ಇಂದಿನ ಇಸ್ರೇಲ್ ದೇಶ ಹಲಾಖಾದ ಮೇಲೆ ನಿಂತದ್ದಲ್ಲ. ಅಲ್ಲಿ ಕಾನೂನು ಮಾಡುವುದು ಚುನಾಯಿತ ಸಂಸತ್ತಾದ ಕ್ನೆಸೆಟ್; ಯಹೂದಿಗಳ ಮದುವೆ, ವಿಚ್ಛೇದನಗಳು ಮಾತ್ರ 1953ರ ಕಾಯಿದೆಯಂತೆ ರಬ್ಬಿಗಳ ನ್ಯಾಯಾಲಯಕ್ಕೆ ಹೋಗುತ್ತವೆ. ಆದರೂ ಧಾರ್ಮಿಕ ಯಹೂದಿಗಳು ಆ ಚುನಾಯಿತ ಸರ್ಕಾರವನ್ನು ಹೇಗೆ ಕಾಣಬೇಕು ಎಂದು ವಾದಿಸುವಾಗ ಕೂಕ್ ಅವರ ಈ ಮಾತಿಗೇ ಬರುತ್ತಾರೆ.

ನಡುವಿನ ಶತಮಾನಗಳಲ್ಲಿ ಈ ಹಂಚಿಕೆ ಬದುಕಿದ್ದು ಊರೂರಿನಲ್ಲಿ. ಅಳತೆ, ಬೆಲೆ, ಕೂಲಿ ನಿಗದಿ ಮಾಡಿ, ಮುರಿದವನಿಗೆ ದಂಡ ಹಾಕುವ ಹಕ್ಕು ಊರವರಿಗಿದೆ ಎಂದು ತಾಲ್ಮುದ್ ಹೇಳುತ್ತದೆ. ಬ್ಯಾಬಿಲೋನಿಯಾದ ಒಂದು ಊರಿನ ಕಟುಕರು ಇದೇ ಹಕ್ಕಿನಿಂದ ತಮ್ಮತಮ್ಮಲ್ಲೇ ಕರಾರು ಮಾಡಿಕೊಂಡರು: ಒಬ್ಬೊಬ್ಬರಿಗೆ ಒಂದೊಂದು ದಿನ, ಇನ್ನೊಬ್ಬನ ದಿನ ಕೊಯ್ದವನ ಪ್ರಾಣಿಯ ತೊಗಲನ್ನು ಹರಿದುಹಾಕುವುದು. ಒಬ್ಬ ಕೊಯ್ದ. ಉಳಿದವರು ತೊಗಲು ಹರಿದರು. ಅವನು 4ನೆಯ ಶತಮಾನದ ವಿದ್ವಾಂಸ ರಾವಾನ ಬಳಿ ದೂರು ಒಯ್ದ. ಹರಿದವರು ಬೆಲೆ ಕಟ್ಟಿಕೊಡಲಿ ಎಂದ ರಾವಾ. ಊರವರಿಗೆ ದಂಡ ಹಾಕುವ ಹಕ್ಕಿದೆಯಲ್ಲ ಎಂದು ಇನ್ನೊಬ್ಬ ವಿದ್ವಾಂಸ ಆಕ್ಷೇಪಿಸಿದಾಗ ರಾವಾ ಉತ್ತರ ಕೊಡಲಿಲ್ಲ. ಅವನ ಪರವಾಗಿ ರವ್ ಪಾಪಾ ಎಂಬ ವಿದ್ವಾಂಸ ವಿವರಿಸಿದ: ಊರಿನಲ್ಲಿ ಗಣ್ಯ ವಿದ್ವಾಂಸ ಇಲ್ಲದಿದ್ದರೆ ಅಂಥ ಕರಾರು ನಿಲ್ಲುತ್ತದೆ. ಇದ್ದಾಗ ಅವನಿಗೆ ತೋರಿಸದೆ ಮಾಡಿದ ಕರಾರು ನಿಲ್ಲುವುದಿಲ್ಲ. ಕಟುಕರು ನಿಯಮ ಮಾಡಬಹುದು, ಆದರೆ ಆ ನಿಯಮದಿಂದ ಲಾಭವಿಲ್ಲದ ಒಬ್ಬನ ಕಣ್ಣು ಅದರ ಮೇಲೆ ಮೊದಲು ಬಿದ್ದಿರಬೇಕು. ಇಲ್ಲಿ ಬಿದ್ದಿರಲಿಲ್ಲ, ಹಾಗಾಗಿ ತೊಗಲಿನ ಬೆಲೆ ಅವರ ತಲೆಗೇ ಬಂತು.

ನಮಸ್ಕಾರ.